ತಡವಾಗಿ ಶುರುವಾಯಿತೋ, ತಡವಾಗಿ ಕಂಡಿತೋ: ಒಬ್ಬ ಗನ್ನರ್‌ನ ಕಿವಿಯ ಪ್ರಕರಣ

ಫಿರಂಗಿ ದಳದ ಹವಾಲ್ದಾರರು. 1994ರಲ್ಲಿ ಸೇರ್ಪಡೆ, 2016ರ ಜನವರಿ 31ರಂದು ಅವಧಿ ಮುಗಿಸಿ ನಿವೃತ್ತಿ. ಹೊರಬರುವಾಗ ವೈದ್ಯಕೀಯ ದರ್ಜೆ ಶೇಪ್-1: ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು ಐದೂ ಸರಿ ಇವೆ ಎಂಬ ಷರಾ. ಸರ್ವಿಸ್ ಪಿಂಚಣಿ ಬರುತ್ತಿದೆ. ಬೆಂಗಳೂರಿನ ಕೆ.ಆರ್. ಪುರದಲ್ಲಿ ಮನೆ. ಮೊದಲು ಒಂದೂವರೆ ವರ್ಷ ಅಪಾರ್ಟ್‌ಮೆಂಟ್ ಒಂದರ ನಿರ್ವಹಣಾ ಸೂಪರ್‌ವೈಸರ್ ಆಗಿದ್ದರು. ಅಲ್ಲಿನ ಡೀಸೆಲ್ ಜನರೇಟರ್ ಕೋಣೆಯ ಉಸ್ತುವಾರಿಯೂ ಇವರದೇ. ಆಮೇಲೆ ವೈಟ್‌ಫೀಲ್ಡ್ ಕಡೆ ಸೆಕ್ಯುರಿಟಿ ಕೆಲಸ. 2019ರಲ್ಲಿ ತೊಂದರೆ ಬಯಲಾದದ್ದು ಅಲ್ಲಿ. ವಾಕಿಟಾಕಿಯಲ್ಲಿ ಸಿ ಬ್ಲಾಕ್ ಅಂದರೆ ಇವರು ಬಿ ಬ್ಲಾಕಿಗೆ ಹೋಗಿ ನಿಲ್ಲುತ್ತಿದ್ದರು. ರಾತ್ರಿ ಮಲಗಿದರೆ ಎಡಗಿವಿಯಲ್ಲಿ ಜೀರುಂಡೆ.

ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಒಂದೇ ಬಗೆಯ ಹಲವು ಕಡತಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳನ್ನು ಜೋಡಿಸಿ ಕಟ್ಟಿದ ಪ್ರಕರಣ ಇದು. ಹಾಗಾಗಿ ಹೆಸರು, ಘಟಕ, ಆಸ್ಪತ್ರೆ ಯಾವುದೂ ಇಲ್ಲಿಲ್ಲ. ನಿಯಮ, ತೀರ್ಪು, ಗಡುವುಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಮೊದಲ ಅರ್ಜಿ ಯಾಕೆ ಬಿತ್ತು

2020ರ ಮಾರ್ಚ್‌ನಲ್ಲಿ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಕಚೇರಿಗೆ ಹೋದದ್ದು ಒಂದು ಪುಟದ ಪತ್ರ. 22 ವರ್ಷ ದೇಶಸೇವೆ ಮಾಡಿದ್ದೇನೆ, ಕಾರ್ಗಿಲ್‌ನಲ್ಲಿದ್ದೆ, ಈಗ ಕಿವಿ ಕೇಳುತ್ತಿಲ್ಲ, ಅಂಗವೈಕಲ್ಯ ಪಿಂಚಣಿ ಕೊಡಿ ಎಂದು. ಜೊತೆಗೆ ಶ್ರವಣ ಸಾಧನ ಮಾರುವ ಅಂಗಡಿಯಲ್ಲಿ ಉಚಿತವಾಗಿ ಮಾಡಿಕೊಟ್ಟ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ತೋರಿಸುವ ರೇಖಾಚಿತ್ರ.

2021ರ ಜನವರಿಯಲ್ಲಿ ಬಂದ ಉತ್ತರ ಮೂರು ಸಾಲಿನದು. ನಿವೃತ್ತಿಯ ವೇಳೆ ಶೇಪ್-1 ಇತ್ತು. ಕಾಯಿಲೆ ಆಮೇಲೆ ಬಂದದ್ದು. ಸೇನಾ ಸೇವೆಯಿಂದ ಉಂಟಾದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ.

ಓದಿದವರಿಗೆ ಸಿಟ್ಟು ಬರುತ್ತದೆ. ಆದರೆ ಕಳಿಸಿದ ಕಾಗದ ನೋಡಿದರೆ ಬೇರೆ ಉತ್ತರ ಬರುವ ಹಾಗೂ ಇರಲಿಲ್ಲ. ಅರ್ಜಿಯಲ್ಲಿ ಕಷ್ಟ ಇತ್ತು, ಕೊಂಡಿ ಇರಲಿಲ್ಲ. ಯಾವ ತೋಪು, ಯಾವ ವರ್ಷ, ಕಿವಿಗೆ ಆದದ್ದೇನು, ಅದಕ್ಕೂ ಈಗಿನ ಕಿವುಡಿಗೂ ಏನು ಸಂಬಂಧ, ಒಂದನ್ನೂ ಹೇಳಿರಲಿಲ್ಲ. ಕಾರ್ಗಿಲ್ ಎಂದರೆ ಓದುವವರ ಎದೆ ಕರಗಬಹುದು, ಅಂಗವೈಕಲ್ಯ ತೀರ್ಮಾನಿಸುವ ಸೇನಾ ವೈದ್ಯರ ಮೆಡಿಕಲ್ ಬೋರ್ಡಿಗೆ ಬೇಕಾದದ್ದು ಡೆಸಿಬೆಲ್.

ಯಾವ ನಿಯಮ ಅನ್ವಯ

ಹೊರಬಂದ ತಾರೀಖಿನ ಮೇಲೆ ನಿಯಮಪುಸ್ತಕವೇ ಬದಲಾಗುತ್ತದೆ. ಹಳಬರಿಗೆ ಅಂಗವೈಕಲ್ಯ ಪಿಂಚಣಿಯ 1982ರ ಅರ್ಹತಾ ನಿಯಮಗಳು, 2008ರ ಜನವರಿ 1ರಿಂದ ಈಚಿನವರಿಗೆ 2008ರವು, 2023ರ ಸೆಪ್ಟೆಂಬರ್ 21ರಿಂದ ಈಚಿನವರಿಗೆ 2023ರವು. ನಮ್ಮ ಹವಾಲ್ದಾರರು ನಡುವಿನ ಗುಂಪಿನವರು.

ಇಲ್ಲೇ ಬಹಳ ಮಂದಿ ಎಡವುತ್ತಾರೆ. ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಮಾಜಿ ಸೈನಿಕರ ವಾಟ್ಸಾಪ್ ಗುಂಪುಗಳಲ್ಲಿ ದಿನಾ ತಿರುಗುತ್ತದೆ. ಸೇರುವಾಗ ಕಾಯಿಲೆಯ ದಾಖಲೆ ಇಲ್ಲದಿದ್ದರೆ ಅದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಸಾಬೀತಿನ ಹೊರೆ ಸೈನಿಕನದಲ್ಲ, ಸಂಶಯದ ಲಾಭ ಅವನಿಗೇ ಎಂಬುದು ಅದರ ಸಾರ. ಆದರೆ ಆ ತೀರ್ಪು ನಿಂತಿರುವುದು 1982ರ ನಿಯಮಗಳ ಮೇಲೆ. ಆ ಸೈನಿಕ ಸೇವೆಯಲ್ಲಿರುವಾಗಲೇ ಕಾಯಿಲೆಯ ಕಾರಣಕ್ಕೆ ಮನೆಗೆ ಕಳಿಸಲ್ಪಟ್ಟವನು. 2016ರಲ್ಲಿ ಶೇಪ್-1 ಆಗಿ ಹೊರಬಂದವರ ಅಪೀಲಿನಲ್ಲಿ ಅದನ್ನೇ ಪೂರ್ತಿ ನಕಲು ಮಾಡಿದರೆ ಎದುರಿನವರು ಮೊದಲ ಪುಟದಲ್ಲೇ ವ್ಯತ್ಯಾಸ ತೋರಿಸುತ್ತಾರೆ. ಉಲ್ಲೇಖಿಸಬಾರದು ಅಂತಲ್ಲ. ಊರುಗೋಲಾಗಿ ಇರಲಿ, ಕಾಲಾಗಿ ಬೇಡ.

ಇವರಿಗೆ ಕಾಲಾಗಬಲ್ಲದ್ದು 2008ರ ನಿಯಮಗಳಲ್ಲಿರುವ ನಿವೃತ್ತಿಯ ನಂತರದ ಕ್ಲೇಮಿನ ಅವಕಾಶ. ಹೊರಬರುವಾಗ ಇಲ್ಲದ ಕಾಯಿಲೆ 7 ವರ್ಷದೊಳಗೆ ಕಾಣಿಸಿಕೊಂಡರೆ, ಮತ್ತು ಸೇವೆಯ ಪರಿಸ್ಥಿತಿಯಲ್ಲಿ ದೇಹದೊಳಗೆ ಆಗಲೇ ಶುರುವಾಗಿದ್ದ ಹಾನಿ ತಡವಾಗಿ ಹೊರಬಿದ್ದದ್ದು ಅದು ಎಂದು ಅಧಿಕೃತ ವೈದ್ಯಾಧಿಕಾರಿ ಒಪ್ಪಿದರೆ, ಅದನ್ನು ಸೇವೆಗೆ ಸಂಬಂಧಿಸಿದ್ದೆಂದು ಪರಿಗಣಿಸಬಹುದು. 2016ರಿಂದ 7 ವರ್ಷ ಎಂದರೆ 2023ರ ಜನವರಿ. ಕಾಯಿಲೆ ದಾಖಲಾದದ್ದು 2020. ಅವಧಿಯ ಮಟ್ಟಿಗೆ ತಕರಾರಿಲ್ಲ. ಅದೇ ನಿಯಮಗಳಲ್ಲಿ ಇನ್ನೊಂದು ಗಡುವೂ ಇದೆ: 15 ವರ್ಷ ಕಳೆದು, ಅಷ್ಟರಲ್ಲಿ ಸೇವಾ ದಾಖಲೆಗಳು ನಾಶವಾಗಿದ್ದರೆ, ಸಾಬೀತಿನ ಹೊರೆ ಪೂರ್ತಿ ಅರ್ಜಿದಾರರ ಹೆಗಲಿಗೆ. ನೋಡೋಣ, ಮಾಡೋಣ ಅನ್ನುವವರು ಇದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಲಿ.

ವೈದ್ಯಶಾಸ್ತ್ರ ಒಪ್ಪದ ವಾದ

ಗದ್ದಲದಿಂದ ಬರುವ ಕಿವುಡು ಗದ್ದಲ ನಿಂತ ಎಷ್ಟೋ ವರ್ಷದ ಮೇಲೆ ಹೊಸದಾಗಿ ಶುರುವಾಗುವುದಿಲ್ಲ ಎಂಬುದು ಕಿವಿ ತಜ್ಞರ ಸಾಮಾನ್ಯ ನಿಲುವು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸೇನಾ ಸೇವೆ ಮತ್ತು ಶಬ್ದದ ಬಗ್ಗೆ 2005ರಲ್ಲಿ ಕೊಟ್ಟ ವರದಿಯೂ ಹೀಗೇ ಹೇಳುತ್ತದೆ. ಹಾಗಿರುವಾಗ ತೋಪಿನ ಸದ್ದಿನಿಂದ ಮೂರು ವರ್ಷ ಬಿಟ್ಟು ಕಿವುಡು ಬಂತು ಎಂದು ಬರೆದರೆ ಬೋರ್ಡಿನಲ್ಲಿ ಕೂತ ಇಎನ್‌ಟಿ ತಜ್ಞರು ಅರ್ಜಿ ಅಲ್ಲಿಗೇ ಮುಚ್ಚುತ್ತಾರೆ. ಮುಚ್ಚಿದ್ದು ತಪ್ಪೂ ಅಲ್ಲ.

ಹಾನಿ ತಡವಾಗಿ ಶುರುವಾಯಿತು ಅನ್ನುವುದು ಒಂದು. ಆಗಲೇ ಶುರುವಾದ ಹಾನಿ ತಡವಾಗಿ ಕಂಡಿತು ಅನ್ನುವುದು ಇನ್ನೊಂದು. ಮೊದಲನೆಯದನ್ನು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಎರಡನೆಯದನ್ನು ಒಪ್ಪುತ್ತದೆ, ನಿಯಮ ಕೇಳುವುದೂ ಅದನ್ನೇ. ಇಡೀ ಕಡತವನ್ನು ಈ ಎರಡನೇ ಸಾಲಿನ ಸುತ್ತ ಮತ್ತೆ ಕಟ್ಟಬೇಕಾಯಿತು.

ಒಳಗಿವಿಯ ಶಂಖದಲ್ಲಿರುವ ಕೂದಲು ಕೋಶಗಳು ಮನುಷ್ಯರಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟವು. ತೋಪಿನ ಸದ್ದಿನ ಹೊಡೆತ ಮೊದಲು ತಾಗುವುದು 3000ದಿಂದ 6000 ಹರ್ಟ್ಸ್‌ಗೆ ಮೀಸಲಾದ ಜಾಗಕ್ಕೆ. ಮಾತಿನ ಬಹುಪಾಲು ಇದಕ್ಕಿಂತ ಕೆಳಗೆ ಇರುವುದರಿಂದ ಆರಂಭದಲ್ಲಿ ಮಾತುಕತೆ ನಡೆದುಹೋಗುತ್ತದೆ. ಸ, ಶ, ಫ ಥರದ ಸಪೂರ ಸದ್ದುಗಳು ಮಾತ್ರ ಸೋರಿಹೋಗುತ್ತವೆ. ನಲವತ್ತು ದಾಟಿದ ಮೇಲೆ ವಯಸ್ಸಿನ ಸವೆತ ಸೇರಿಕೊಂಡಾಗ, ಅಲ್ಲಿಯವರೆಗೆ ಹೇಗೋ ಸಂಭಾಳಿಸಿಕೊಂಡಿದ್ದ ಕಿವಿ ಕೈಕೊಡುತ್ತದೆ. ಬಿ, ಸಿ ಬ್ಲಾಕುಗಳ ಗೊಂದಲ ಇದೇ.

ಹಾಗಾದರೆ ಶೇಪ್-1 ಬಂದದ್ದು ಹೇಗೆ? ಸೇನೆಯ ವಾಡಿಕೆಯ ಕಿವಿ ಪರೀಕ್ಷೆ 610 ಸೆಂಟಿಮೀಟರ್ ದೂರದಿಂದ ಪಿಸುಗುಟ್ಟಿ, ಒಂದೊಂದೇ ಕಿವಿಗೆ ಕೇಳಿಸುತ್ತದೋ ಇಲ್ಲವೋ ನೋಡುವುದು. ಒಂದೆರಡು ಆವರ್ತನಗಳಲ್ಲಿ ಮಾತ್ರ ಕುಸಿತ ಇದ್ದರೆ ಈ ಪರೀಕ್ಷೆ ಅದನ್ನು ಹಿಡಿಯದೆ ಬಿಡಬಹುದು. ಇವರ ಬಿಡುಗಡೆ ತಪಾಸಣೆಯ ಫಾರಂನಲ್ಲಿ ಎರಡೂ ಕಿವಿಗೆ 610 ಎಂದಿತ್ತು, ಆಡಿಯೋಗ್ರಾಂ ಲಗತ್ತಿಸಿರಲಿಲ್ಲ. ಏನಾದರೂ ತೊಂದರೆ ಇದೆಯೇ ಎಂಬಲ್ಲಿ "ಇಲ್ಲ" ಎಂದು ಇವರದೇ ಸಹಿ. ಮನೆಗೆ ಹೋಗುವ ರೈಲು ತಪ್ಪಬಾರದು ಎಂಬ ಅವಸರದಲ್ಲಿ ಎಲ್ಲರೂ ಹಾಕುವ ಸಹಿ ಅದು. ಕಿವಿ ಸರಿ ಇತ್ತು ಎಂಬುದಕ್ಕೆ ಪುರಾವೆ ಅನ್ನುವುದಕ್ಕಿಂತ ಕಿವಿಯನ್ನು ಅಳೆದಿರಲಿಲ್ಲ ಎಂಬುದಕ್ಕೆ ಆ ಫಾರಂ ಪುರಾವೆ. ಅಪೀಲಿನಲ್ಲಿ ಅದನ್ನು ಹಾಗೆಯೇ ಬಳಸಲಾಯಿತು.

ಅಳತೆ ಮತ್ತೆ ಮಾಡಿಸಿದ್ದು

ಅಂಗಡಿಯ ಆಡಿಯೋಗ್ರಾಂನ ದೋಷ ಒಂದೆರಡಲ್ಲ. ರಸ್ತೆ ಬದಿಯ ಕೋಣೆ, ಶಬ್ದನಿರೋಧಕ ಬೂತ್ ಇಲ್ಲ. ಯಂತ್ರದ ಕ್ಯಾಲಿಬ್ರೇಷನ್ ದಿನಾಂಕ ಇಲ್ಲ. ಮೂಳೆಯ ಮೂಲಕ ಶಬ್ದ ಕೇಳಿಸುವ ಪರೀಕ್ಷೆ ಮಾಡಿಲ್ಲ. 3000, 6000 ಹರ್ಟ್ಸ್ ಬಿಟ್ಟೇಬಿಟ್ಟಿದ್ದಾರೆ. ಮಾರುವವನೇ ಅಳೆದ ಅಳತೆ ಎಂಬುದು ಬೇರೆ.

ಸರಿಯಾದ ಪರೀಕ್ಷೆಗೆ ಹೋಗುವ ಮುನ್ನ ಕಿವಿಗೆ ಕನಿಷ್ಠ 14 ಗಂಟೆ ಜೋರು ಸದ್ದಿನಿಂದ ವಿಶ್ರಾಂತಿ ಬೇಕು. ರಾತ್ರಿ ಪಾಳಿ ಮುಗಿಸಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಬೈಕ್ ಓಡಿಸಿಕೊಂಡು ನೇರ ಆಸ್ಪತ್ರೆಗೆ ಹೋದರೆ ತಾತ್ಕಾಲಿಕ ಮಂಕು ಸೇರಿ ಅಂಕಿ ಕೆಡುತ್ತದೆ. ಮೊದಲು ಕಿವಿಯೊಳಗೆ ನೋಡಿ ಗುಗ್ಗೆ ತೆಗೆಸಬೇಕು. ಆಮೇಲೆ ಕಿವಿಯ ತಮಟೆಯ ಚಲನೆ ನೋಡುವ ಟಿಂಪನೋಮೆಟ್ರಿ, 250ರಿಂದ 8000 ಹರ್ಟ್ಸ್‌ವರೆಗೆ ಗಾಳಿ ಮತ್ತು ಮೂಳೆ ಎರಡೂ ದಾರಿಯ ಆಡಿಯೋಮೆಟ್ರಿ, ಮತ್ತು ರೋಗಿಯ ಉತ್ತರವನ್ನೇ ನಂಬದೆ ಮಿದುಳಿನ ಪ್ರತಿಕ್ರಿಯೆ ಅಳೆಯುವ ಬೆರಾ. ಪಿಂಚಣಿಗಾಗಿ ಕಿವುಡು ನಟಿಸುತ್ತಿದ್ದಾನೆ ಎಂಬ ಗುಮಾನಿಗೆ ಬೆರಾಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಶ್ರವಣ ವಿಭಾಗ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎರಡೂ ಸರ್ಕಾರಿ ವ್ಯವಸ್ಥೆಯವು. ಅಲ್ಲಿಯ ವರದಿಯ ಮುಂದೆ ಮಾರಾಟಗಾರನ ಅಳತೆ ಎಂಬ ಆಕ್ಷೇಪ ನಿಲ್ಲದು. ಮಾತು ಗುರುತಿಸುವ ಪರೀಕ್ಷೆಯನ್ನು ಕನ್ನಡ ಪದಪಟ್ಟಿಯಲ್ಲೇ ಮಾಡಿ ಎಂದು ಕೇಳಬೇಕು. ಗೊತ್ತಿಲ್ಲದ ಇಂಗ್ಲಿಷ್ ಪದ ತಪ್ಪಿದರೆ ಅದು ಕಿವಿಯ ತಪ್ಪಲ್ಲ.

ವಾರದ ಅಂತರದಲ್ಲಿ ಎರಡು ಸಲ ಅಳೆದರು, ವ್ಯತ್ಯಾಸ 5 ಡೆಸಿಬೆಲ್ ದಾಟಲಿಲ್ಲ. ಅಂಕಿ ಹೆಚ್ಚಿದಷ್ಟೂ ಕೇಳುವುದು ಕಡಿಮೆ, ರೇಖೆ ಅಷ್ಟು ಕೆಳಗೆ. ಎಡಗಿವಿ, ಹರ್ಟ್ಸ್‌ವಾರು ಡೆಸಿಬೆಲ್: 500ರಲ್ಲಿ 20, 1000ದಲ್ಲಿ 25, 2000ದಲ್ಲಿ 40, 4000ದಲ್ಲಿ 70, 6000ದಲ್ಲಿ 75, 8000ದಲ್ಲಿ 55. ಬಲಗಿವಿಯ ರೇಖೆಯೂ ಇದೇ ಆಕಾರ, 10ರಿಂದ 15 ಡೆಸಿಬೆಲ್ ಮೇಲೆ, ಅಂದರೆ ನಷ್ಟ ಅಷ್ಟು ಕಡಿಮೆ. ನೋಡಬೇಕಾದದ್ದು ಕೊನೆಯ ಎರಡು ಅಂಕಿ. 6000ದಲ್ಲಿ ಹೊಂಡ ಬಿದ್ದ ರೇಖೆ 8000ದಲ್ಲಿ ಮೇಲೆದ್ದಿದೆ. ಬರೀ ವಯಸ್ಸಿನ ಕಿವುಡಾಗಿದ್ದರೆ ರೇಖೆ ಇಳಿಜಾರಿನಲ್ಲಿ ಇಳಿಯುತ್ತಲೇ ಹೋಗಬೇಕು, 8000ದಲ್ಲಿ ಎಲ್ಲಕ್ಕಿಂತ ಕೆಟ್ಟಿರಬೇಕು. ಬಲಗೈಯಿಂದ ರೈಫಲ್ ಹಿಡಿಯುವವರಲ್ಲಿ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರ, ಬಲಗಿವಿಗೆ ತಲೆಯೇ ಮರೆ. ಎಡ ಹೆಚ್ಚು ಕೆಟ್ಟಿರುವುದಕ್ಕೂ ಅರ್ಥ ಸಿಕ್ಕಿತು.

ಟ್ರಂಕಿನ ತಳದ ಚೀಟಿ

ಕಾಗದ ಹುಡುಕುವುದು ಎರಡು ಕಡೆ: ಕಚೇರಿಯಲ್ಲಿ, ಮನೆಯಲ್ಲಿ.

ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ನನ್ನ ಎಲ್ಲ ವೈದ್ಯಕೀಯ ದಾಖಲೆ ಕೊಡಿ" ಎಂದು ಬರೆದರೆ ಲಭ್ಯವಿಲ್ಲ ಎಂಬ ಉತ್ತರ ಸುಲಭ. ಬಿಡಿಬಿಡಿಯಾಗಿ ಕೇಳಬೇಕು: ಸೇರುವಾಗಿನ ವೈದ್ಯಕೀಯ ಫಾರಂ, ಬಿಡುಗಡೆಯ ಫಾರಂ, ಶೀಟ್ ರೋಲ್ (ಸೈನಿಕನ ಸೇವಾ ವಿವರದ ದಾಖಲೆ), ಪೋಸ್ಟಿಂಗುಗಳನ್ನು ನಮೂದಿಸುವ ಪಾರ್ಟ್-2 ಆದೇಶಗಳು, ಕೋರ್ಸುಗಳ ವಿವರ, ಕ್ಲೇಮ್ ತಿರಸ್ಕರಿಸಿದ ಕಡತದ ಟಿಪ್ಪಣಿ ಹಾಳೆ. ಈ ಕೊನೆಯದನ್ನು ಕೇಳಲು ಮರೆಯುವವರೇ ಹೆಚ್ಚು. ಯಾರು, ಯಾವ ಕಾರಣಕ್ಕೆ, ರೋಗಿಯನ್ನು ನೋಡಿ ಬರೆದರೋ ನೋಡದೆ ಬರೆದರೋ ಅದರಲ್ಲಿ ಗೊತ್ತಾಗುತ್ತದೆ. ಇವರ ಕಡತದಲ್ಲಿ ನೋಡದೆಯೇ ಬರೆದಿದ್ದರು. ಸೇರುವಾಗಿನ ಫಾರಂನಲ್ಲಿ ಕಿವಿ ಸರಿ ಎಂದಿತ್ತು. ಸರಪಳಿಯ ಮೊದಲ ಕೊಂಡಿ ಅದು.

ಮನೆಯಲ್ಲಿ ಹಸಿರು ಟ್ರಂಕು. ಡಿಸ್ಚಾರ್ಜ್ ಬುಕ್ಕಿನಲ್ಲಿ ಕಾರ್ಗಿಲ್ ಯುದ್ಧದ ಪದಕವಾದ ಆಪರೇಷನ್ ವಿಜಯ್ ಸ್ಟಾರ್ ನಮೂದಾಗಿತ್ತು. 1999ರಲ್ಲಿ 155 ಮಿ.ಮೀ. ಬೊಫೋರ್ಸ್ ತೋಪಿನ ಬಳಿ ಇದ್ದರು ಎಂಬ ಹೇಳಿಕೆಗೆ ಅದು ಬೆಂಬಲ. ತಳದಲ್ಲಿ, ಹಳೇ ಪೇ-ಸ್ಲಿಪ್ಪುಗಳ ನಡುವೆ, ಅಂಗೈಯಗಲದ ಒಂದು ಚೀಟಿ. 2003ರ ತಾರೀಖು, ಎಂಐ ರೂಮಿನ (ಘಟಕದ ವೈದ್ಯಕೀಯ ತಪಾಸಣೆ ಕೋಣೆಯ) ನೇರಳೆ ಮುದ್ರೆ, ಅವಸರದ ಇಂಗ್ಲಿಷ್ ಅಕ್ಷರದಲ್ಲಿ ಫೈರಿಂಗ್ ಬಳಿಕ ಎಡಗಿವಿಯಲ್ಲಿ ಗುಂಯ್ ಸದ್ದು, ಅಟೆಂಡ್ ಸಿ, ಎರಡು ದಿನ. ರಾಜಸ್ಥಾನದ ಮಹಾಜನ್ ರೇಂಜಿನ ಅಭ್ಯಾಸದ ವೇಳೆ ಕೊಟ್ಟ ಡ್ಯೂಟಿ ವಿನಾಯಿತಿ. ಇದನ್ನು ಇವರು ಕಸ ಎಂದುಕೊಂಡಿದ್ದರು. ಕಡತದ ಅತ್ಯಂತ ಬೆಲೆಬಾಳುವ ಕಾಗದ ಇದೇ, ಯಾಕೆಂದರೆ ಪಿಂಚಣಿಯ ಯೋಚನೆ ಯಾರಿಗೂ ಇಲ್ಲದ ಕಾಲದಲ್ಲಿ ಹುಟ್ಟಿದ್ದು. ಲ್ಯಾಮಿನೇಟ್ ಮಾಡಿಸಬಾರದು, ಎರಡೂ ಬದಿ ಸ್ಕ್ಯಾನ್ ಮಾಡಿ, ಅಸಲನ್ನು ಕೈಯಲ್ಲೇ ಇಟ್ಟುಕೊಂಡು, ದೃಢೀಕೃತ ಪ್ರತಿ ಮಾತ್ರ ಕೊಡಬೇಕು.

ಅದೇ ತೋಪಿನಲ್ಲಿದ್ದ ಇಬ್ಬರು ಜೊತೆಗಾರರಿಂದ ಅಫಿಡವಿಟ್. ಒಬ್ಬರದು ಮೊದಲ ಕರಡಿನಲ್ಲಿ "ಅವರಿಗೆ ತೋಪಿನಿಂದಲೇ ಕಿವುಡು ಬಂದಿದೆ" ಎಂದಿತ್ತು. ತೆಗೆಸಲಾಯಿತು. ಗನ್ನರ್ ವೈದ್ಯನಲ್ಲ. ಯಾವ ವರ್ಷ, ಯಾವ ತೋಪು, ನಳಿಗೆಯಿಂದ ಎಷ್ಟು ದೂರ ನಿಲ್ಲುತ್ತಿದ್ದರು, ಕಿವಿಗೆ ಏನು ಹಾಕಿಕೊಳ್ಳುತ್ತಿದ್ದರು (ಬಹಳ ಸಲ ಹತ್ತಿ), ಫೈರಿಂಗ್ ಮುಗಿದ ಸಂಜೆ ಎಷ್ಟು ಹೊತ್ತು ಕೂಗಿ ಮಾತಾಡಬೇಕಾಗುತ್ತಿತ್ತು, ಇಷ್ಟೇ. ಹೆಂಡತಿಯ ಹೇಳಿಕೆಯೂ ಹಾಗೇ: 2012ರಿಂದ ರಜೆಗೆ ಬಂದಾಗ ಟಿವಿ ಜೋರು ಇಡುತ್ತಿದ್ದರು, ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ, ಮೂರು ಕೂಗಿಗೆ ಕುಕ್ಕರ್ ಇಳಿಸಿ ಎಂದರೆ ಎಣಿಸಲು ಆಗುತ್ತಿರಲಿಲ್ಲ. 2012 ಎಂದರೆ ಸೇವೆಯಲ್ಲಿದ್ದ ಕಾಲ.

ಜನರೇಟರ್ ಕೋಣೆ

ಇದನ್ನು ಮುಚ್ಚಿಡುವ ಮನಸ್ಸು ಎಲ್ಲರಿಗೂ ಆಗುತ್ತದೆ. ಬೋರ್ಡು ನಿವೃತ್ತಿಯ ನಂತರದ ಕೆಲಸ ಕೇಳಿಯೇ ಕೇಳುತ್ತದೆ. ಆಗ ತಡವರಿಸಿದರೆ ಉಳಿದ ಕಾಗದಗಳ ಮೇಲೂ ಅನುಮಾನ. ಆ ಅಪಾರ್ಟ್‌ಮೆಂಟಿನಿಂದ ಅನುಭವ ಪತ್ರ ತರಿಸಿ ಅಪೀಲಿಗೆ ಲಗತ್ತಿಸಲಾಯಿತು: 18 ತಿಂಗಳು, ಕರೆಂಟ್ ಹೋದಾಗ ಮಾತ್ರ ಜನರೇಟರ್, ಯಂತ್ರಕ್ಕೆ ಶಬ್ದನಿರೋಧಕ ಕವಚ, ಕೋಣೆಯೊಳಗೆ ಇರುತ್ತಿದ್ದುದು ಚಾಲೂ ಮಾಡುವಾಗ ಮತ್ತು ಡೀಸೆಲ್ ನೋಡುವಾಗ. ನಮ್ಮ ಕಾರ್ಖಾನೆ ನಿಯಮಗಳ ಮಿತಿ ದಿನಕ್ಕೆ 8 ಗಂಟೆ, 90 ಡೆಸಿಬೆಲ್. ದೊಡ್ಡ ತೋಪಿನ ಬಳಿ ಒಂದೊಂದು ಸಿಡಿತದ ತುದಿಯೂ 140 ಡೆಸಿಬೆಲ್ ಮೀರುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಬರುವುದಿಲ್ಲ ಎಂದು ವೈದ್ಯರ ಅಭಿಪ್ರಾಯದಲ್ಲೇ ಬಂದರೆ ಸಾಕು.

ಆ ಅಭಿಪ್ರಾಯ ಪತ್ರದ ಮೊದಲ ಆವೃತ್ತಿ: "ರೋಗಿ ಸೇನೆಯಲ್ಲಿದ್ದರು, ಕಿವುಡು ಅದಕ್ಕೆ ಸಂಬಂಧಿಸಿರಬಹುದು." ಬಹುದು ಎಂಬ ಪದದ ಮೇಲೆ ಪಿಂಚಣಿ ಕಟ್ಟಲಾಗದು. ಇಎನ್‌ಟಿ ವೈದ್ಯರಿಗೆ ಮೇಲಿನ ಎಲ್ಲ ದಾಖಲೆಗಳ ಒಂದು ಸೆಟ್ ಕೊಟ್ಟು, ಓದಿ ಬರೆಯಲು ವಿನಂತಿಸಿದ ಮೇಲೆ ಬಂದದ್ದರ ತಿರುಳು ಹೀಗೆ: ಸೇರುವಾಗಿನ ಫಾರಂ, 2003ರ ಚೀಟಿ, ಬಿಡುಗಡೆ ಫಾರಂ ಮತ್ತು ಎರಡು ಆಡಿಯೋಗ್ರಾಂ ಪರಿಶೀಲಿಸಿದ್ದೇನೆ, 6000 ಹರ್ಟ್ಸ್‌ನ ಹೊಂಡ ಸಿಡಿತದ ಶಬ್ದದಿಂದಾಗುವ ಹಾನಿಯ ಲಕ್ಷಣ, ಕುಟುಂಬದಲ್ಲಿ ಕಿವುಡಿಲ್ಲ, ಕಿವಿ ಸೋರಿಲ್ಲ, ಕಿವಿಗೆ ವಿಷವಾಗುವ ಔಷಧಿ ತೆಗೆದುಕೊಂಡಿಲ್ಲ, ಕೋಶಗಳ ಹಾನಿ ಸೇವೆಯಲ್ಲೇ ಆಗಿದ್ದು ವಯಸ್ಸಿನ ಸವೆತ ಸೇರಿದ ಮೇಲೆ ಪ್ರಕಟವಾಗಿದೆ ಎಂಬುದೇ ಹೆಚ್ಚು ಸಂಭವನೀಯ, ನಂತರದ 18 ತಿಂಗಳ ಕೆಲಸ ಈ ಮಾದರಿಯನ್ನು ವಿವರಿಸುವುದಿಲ್ಲ.

ಅಪೀಲು, ಬೋರ್ಡು, ಹಣ

ಮೊದಲ ಅಪೀಲಿಗೆ ತಿರಸ್ಕಾರದಿಂದ 6 ತಿಂಗಳು. ಕಾಗದ ಪೂರ್ತಿ ಕೂಡುವವರೆಗೆ ಕಾಯದೆ ಎರಡು ಪುಟದ ಅಪೀಲನ್ನು ಮೇ ತಿಂಗಳಲ್ಲೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ದಾಖಲೆಗಳನ್ನು ಆಮೇಲೆ ಸಲ್ಲಿಸುತ್ತೇವೆ ಎಂದು ಅದರಲ್ಲೇ ಬರೆದಿಡಲಾಯಿತು. ಕೋವಿಡ್ ಎರಡನೇ ಅಲೆಯ ದಿನಗಳು. ಆ ಜಾಗರೂಕತೆ ಇಲ್ಲದಿದ್ದರೆ ಗಡುವು ಹೋಗುತ್ತಿತ್ತು. ಅಪೀಲಿನಲ್ಲಿ ಬೇಡಿಕೆ ಎರಡೇ: ರೋಗಿಯನ್ನು ಪ್ರತ್ಯಕ್ಷ ನೋಡುವ ಮೆಡಿಕಲ್ ಬೋರ್ಡ್ ಕೂಡಿಸಿ, ಒಪ್ಪದಿದ್ದರೆ ಕಾರಣ ಬರೆಯಿರಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿರುವ ಸೈನಿಕ ಕಲ್ಯಾಣ ಇಲಾಖೆ ಮತ್ತು ಜಿಲ್ಲಾ ಸೈನಿಕ ಕಚೇರಿಗಳು ಇಂಥ ಪತ್ರವ್ಯವಹಾರಕ್ಕೆ ನೆರವಾಗುತ್ತವೆ.

ಬೋರ್ಡು 2022ರಲ್ಲಿ ಕೂತಿತು. ಹೋಗುವಾಗ ದಿನಾಂಕವಾರು ಒಂದೇ ಹಾಳೆಯ ಸಾರಾಂಶ ಮೇಲಿಟ್ಟ ಕಡತ. ಅಂಗವಿಕಲರ ಯುಡಿಐಡಿ ಕಾರ್ಡು ಬೇಕೇ ಎಂದು ಕೇಳುವವರಿದ್ದಾರೆ. ಬೇಡ, ಅದರ ಲೆಕ್ಕವೇ ಬೇರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮಂದಶ್ರವಣ ಎನಿಸಲು ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 60 ಡೆಸಿಬೆಲ್ ನಷ್ಟ ಬೇಕು. ಇವರಿಗೆ ಅದು ಸಿಗುವುದೂ ಇಲ್ಲ, ಸಿಗದಿದ್ದರೆ ಈ ಕ್ಲೇಮಿಗೆ ಬಾಧಕವೂ ಇಲ್ಲ. ಶ್ರವಣ ಸಾಧನಕ್ಕೂ ಪಿಂಚಣಿಯ ತೀರ್ಮಾನ ಕಾಯಬೇಕಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಮೂಲಕ ಅದಾಗಲೇ ಕೊಡಿಸಲಾಗಿತ್ತು.

ಬೋರ್ಡಿನ ತೀರ್ಮಾನ: ಸೇವೆಯಿಂದ ಉಂಟಾದದ್ದು, ಶೇ. 20, ಆಜೀವ. ಶೇ. 20ಕ್ಕಿಂತ ಒಂದು ಕಡಿಮೆಯಾಗಿದ್ದರೂ ಕಾರಣ ಒಪ್ಪಿಗೆಯಾಗಿ ಕೈಗೆ ಏನೂ ಸಿಗುತ್ತಿರಲಿಲ್ಲ. ಲೆಕ್ಕ ಹೀಗೆ: ಪೂರ್ತಿ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30. ಕೊನೆಯ ವೇತನ 40,000 ಎಂದಿಟ್ಟುಕೊಂಡರೆ 12,000, ಅದರ ಶೇ. 20 ಎಂದರೆ ತಿಂಗಳಿಗೆ 2,400 ರೂಪಾಯಿ, ಮೇಲೆ ತುಟ್ಟಿಭತ್ಯೆ.

ಉಳಿದದ್ದು ಮೇಲ್ಪಟ್ಟಿಗೆ ಏರಿಸುವ ಪ್ರಶ್ನೆ. 2001ರ ಜನವರಿ 31ರ ಸರ್ಕಾರಿ ಪತ್ರದಂತೆ ಶೇ. 50ರ ಒಳಗಿನದನ್ನು 50 ಎಂದು ಎಣಿಸಲಾಗುತ್ತದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿದೆ. ಸಿಕ್ಕರೆ ಮೇಲಿನ 2,400 ಆಗುವುದು 6,000. ಮಂಜೂರಾತಿ ಪತ್ರದಲ್ಲಿ ಅದು ತಾನಾಗಿ ಬರಲಿಲ್ಲ. ಬೇರೆಯಾಗಿ ಮನವಿ ಕೊಟ್ಟಾಯಿತು. 6 ತಿಂಗಳು ಉತ್ತರ ಬಾರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಅದರ ಖಾಯಂ ಪೀಠ ಬೆಂಗಳೂರಿನಲ್ಲಿಲ್ಲ. ಹತ್ತಿರದವು ಚೆನ್ನೈ, ಕೊಚ್ಚಿ. ತಡ ಮಾಡಿದಷ್ಟೂ ನಷ್ಟ: 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ 3 ವರ್ಷಕ್ಕೆ ಸೀಮಿತ. ಹವಾಲ್ದಾರರ ಮನವಿಯ ಸ್ವೀಕೃತಿ ರಸೀದಿ ಈಗ ಅದೇ ಟ್ರಂಕಿನಲ್ಲಿದೆ, 2003ರ ಚೀಟಿಯ ಪಕ್ಕ.